ದೋರು ಕಣಿವೆಗೆ ವೈನ್ ಪ್ರವಾಸ: ಕಲ್ಲುಗೋಡೆಗೂ ಕಾರ್ಕ್ ಮರಕ್ಕೂ ಹೊರೆಯಾಗದಂತೆ

ಗೋವಾದಲ್ಲೂ ಬೆಂಗಳೂರಿನ ಅಂಗಡಿಗಳಲ್ಲೂ ‘ಪೋರ್ಟ್ ವೈನ್’ ಅಂತ ಸಿಗುವ ಸಿಹಿ ಕೆಂಪು ವೈನ್‌ಗೂ ಪೋರ್ಚುಗಲ್ಲಿನ ಪೋರ್ಟ್‌ಗೂ ಹೆಸರಿನ ನಂಟು ಬಿಟ್ಟರೆ ಹೆಚ್ಚಿನದೇನೂ ಇಲ್ಲ. ಅಸಲಿ ಪೋರ್ಟ್‌ನ ದ್ರಾಕ್ಷಿ ಬೆಳೆಯುವುದು ಉತ್ತರ ಪೋರ್ಚುಗಲ್ಲಿನ ದೋರು ನದಿಯ ಕಣಿವೆಯಲ್ಲಿ ಮಾತ್ರ. ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ 1756ರಲ್ಲೇ ಈ ಸೀಮೆಗೆ ಗಡಿ ಹಾಕಿಸಿದ. ಆಮೇಲಿನ ವರ್ಷಗಳಲ್ಲಿ ನೆಟ್ಟ ಗ್ರಾನೈಟ್ ಗಡಿಕಲ್ಲುಗಳು ಕೆಲವು ತೋಟಗಳಲ್ಲಿ ಈಗಲೂ ನಿಂತಿವೆ. ದ್ರಾಕ್ಷಿರಸ ಅರ್ಧ ಹುದುಗಿದಾಗ ಅದಕ್ಕೆ ಶೇ. 77ರ ದ್ರಾಕ್ಷಿ ಮದ್ಯಸಾರ ಸುರಿದು ಹುದುಗುವಿಕೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಉಳಿದ ಸಕ್ಕರೆಯಿಂದ ಸಿಹಿ ಬರುತ್ತದೆ, ಸೇರಿಸಿದ ಮದ್ಯಸಾರದಿಂದ ಶೇ. 19ರಿಂದ 22ರ ಖಾರ ಬರುತ್ತದೆ.

ಈ ಕಣಿವೆ ತಾನಾಗಿ ಆದ ಹೊಲವಲ್ಲ. ಪದರಪದರವಾದ ಶಿಸ್ಟ್ ಬಂಡೆಯನ್ನು ಹಾರೆಯಿಂದ ಒಡೆದು, ಒಡೆದ ಕಲ್ಲಿನಿಂದಲೇ ಗೋಡೆ ಕಟ್ಟಿ, ಪುಡಿಯಾದ ಬಂಡೆಯನ್ನೇ ಮಣ್ಣು ಮಾಡಿಕೊಂಡು ಬಳ್ಳಿ ನೆಟ್ಟಿದ್ದಾರೆ. 2001ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ದುಡಿಮೆಗೆ. ಹಾಗಾಗಿ ಇಲ್ಲಿಗೆ ಹೋಗುವವರು ರುಚಿ ನೋಡುವುದರ ಜೊತೆಗೆ ಗೋಡೆ, ನೀರು, ಮಣ್ಣನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಪ್ರವಾಸ ಹೂಡಬೇಕು. ಹೇಗೆ ಅನ್ನುವುದು ಮುಂದಿದೆ.

ಯಾವಾಗ, ಎಷ್ಟು ದಿನ

ಭಾರತದಿಂದ ಹೋಗುವವರ ಪ್ರವಾಸದಲ್ಲಿ ಪರಿಸರಕ್ಕೆ ಬೀಳುವ ದೊಡ್ಡ ಹೊರೆ ವಿಮಾನದ್ದು. ಅದನ್ನು ಅಲ್ಲಿ ಹೋಗಿ ಸರಿದೂಗಿಸಲು ಆಗುವುದಿಲ್ಲ. ನಾಲ್ಕು ದಿನಕ್ಕೆ ಓಡಿ ಬರುವ ಬದಲು ಒಂದೇ ಸಲ ಹತ್ತು ದಿನ ಇದ್ದು ಬನ್ನಿ. ಪೋರ್ಟೊ ನಗರದಲ್ಲಿ ಎರಡು ದಿನ, ದೋರುವಿನಲ್ಲಿ ನಾಲ್ಕು, ದಕ್ಷಿಣದ ಅಲೆಂತೇಜು ಪ್ರಾಂತ್ಯದಲ್ಲಿ ನಾಲ್ಕು ಎಂದು ಹಂಚಿಕೊಂಡರೆ ಅವಸರವಾಗದು. ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು. ಕೊನೆಯ ಹದಿನೈದು ದಿನಕ್ಕೆ ತಳ್ಳಬೇಡಿ.

ಮೇ, ಜೂನ್ ಮೊದಲ ಭಾಗ ಮತ್ತು ಅಕ್ಟೋಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಕಣಿವೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ನೀರಿಗೂ ಕಾಡಿಗೂ ಅದೇ ಸಂಕಟದ ಕಾಲ. ಕಾಡ್ಗಿಚ್ಚಿನ ಎಚ್ಚರಿಕೆ ಇರುವ ದಿನ ಗುಡ್ಡದ ಕಡೆ ನಡೆಯಲು ಹೋಗಬೇಡಿ, ತೋಟದ ಅಂಚಿನಲ್ಲಿ ಸಿಗರೇಟ್ ಹಚ್ಚಬೇಡಿ. ಹೊಗೆ ಕಂಡರೆ 112ಕ್ಕೆ ಕರೆ ಮಾಡಿ. ಸೆಪ್ಟೆಂಬರ್ ಕೊಯ್ಲಿನ ತಿಂಗಳು. ಲಗಾರ್ ಎಂಬ ಗ್ರಾನೈಟ್ ತೊಟ್ಟಿಗಳಲ್ಲಿ ಕಾಲಿನಿಂದ ದ್ರಾಕ್ಷಿ ತುಳಿಯುವುದನ್ನು ನೋಡಬೇಕೆಂದರೆ ಆಗಲೇ ಹೋಗಬೇಕು. ಆದರೆ ತೋಟದವರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ ಅದು. ತಿಂಗಳುಗಟ್ಟಲೆ ಮೊದಲೇ ಜಾಗ ಕಾದಿರಿಸಿ, ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ.

ಕಾರು ಬಿಡಿ, ರೈಲು ಹಿಡಿಯಿರಿ

ಪೋರ್ಟೊದಿಂದ ರೇಗುವಾ, ಪಿನ್ಯಾವ್ ದಾಟಿ ಪೊಸಿನ್ಯುವರೆಗೆ ಹೋಗುವ ದೋರು ರೈಲು ಮಾರ್ಗ ಬಹುಪಾಲು ನದಿಗೆ ತಾಗಿಕೊಂಡೇ ಸಾಗುತ್ತದೆ. ಕೆಲವು ರೈಲು ಸಾವ್ ಬೆಂತು ನಿಲ್ದಾಣದಿಂದ ಹೊರಟರೆ ಕೆಲವಕ್ಕೆ ಕಂಪನ್ಯಾದಲ್ಲಿ ಹತ್ತಬೇಕು, ಟಿಕೆಟ್ ತೆಗೆಯುವಾಗಲೇ ಕೇಳಿ. ಪಿನ್ಯಾವ್‌ಗೆ ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಗಡೆ ಕಿಟಕಿ, ಬರುವಾಗ ಎಡಗಡೆ. ಮೊದಲ ಒಂದು ಗಂಟೆ ನದಿಯೇ ಕಾಣುವುದಿಲ್ಲ, ನಿದ್ದೆ ಹೋಗಿಬಿಡಬೇಡಿ. ಜನ ಎಡವುವುದು ಸಾಮಾನ್ಯವಾಗಿ ವಾಪಸು ರೈಲಿನ ವಿಷಯದಲ್ಲಿ. ದಿನಕ್ಕೆ ಓಡುವುದು ಕೆಲವೇ ಗಾಡಿ. ಸಂಜೆಯ ಕೊನೆಯ ರೈಲಿನ ಹೊತ್ತು ಬರೆದಿಟ್ಟುಕೊಂಡು, ಅದಕ್ಕಿಂತ ಹಿಂದಿನದನ್ನು ಹಿಡಿಯುವಂತೆ ದಿನ ಹೊಂದಿಸಿ.

ರೈಲೇ ಏಕೆಂದರೆ, ಇಂಧನದ ಮಾತು ಒಂದು, ಕುಡಿದು ಓಡಿಸುವ ಅಪಾಯ ಇನ್ನೊಂದು. ಪೋರ್ಚುಗಲ್ಲಿನಲ್ಲಿ ಚಾಲಕನ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯಸಾರ ಇದ್ದರೇ ತಪ್ಪು. ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗದವರಿಗೆ ಮಿತಿ 0.2. ಐದು ಬಗೆಯ ಪೋರ್ಟ್ ರುಚಿ ನೋಡಿದಿರಿ, ಒಂದೊಂದು ಲೋಟಕ್ಕೆ 50 ಮಿಲಿ ಎಂದುಕೊಳ್ಳಿ. ಒಟ್ಟು 250 ಮಿಲಿ, ಶೇ. 20ರ ಲೆಕ್ಕದಲ್ಲಿ 50 ಮಿಲಿ ಶುದ್ಧ ಮದ್ಯಸಾರ. 330 ಮಿಲಿಯ ಮೂರು ಬಿಯರ್ ಬಾಟಲಿಗೆ ಸಮ ಅದು. ಸಿಹಿ ಇರುವುದರಿಂದ ಒಳಗೆ ಇಳಿದದ್ದೇ ಗೊತ್ತಾಗುವುದಿಲ್ಲ.

ಪಿನ್ಯಾವ್ ನಿಲ್ದಾಣದ ಗೋಡೆಯ ಮೇಲೆ ದ್ರಾಕ್ಷಿ ಕೊಯ್ಲು ತೋರಿಸುವ ನೀಲಿ-ಬಿಳಿ ಹೆಂಚಿನ 24 ಚಿತ್ರಫಲಕಗಳಿವೆ. ಅವನ್ನು ಮೊದಲು ನೋಡಿ, ಆಮೇಲೆ ತೋಟಕ್ಕೆ ನಡೆಯಿರಿ. ಕಿಂತಾ ಎಂದರೆ ತೋಟದ ಮನೆ, ನಮ್ಮಲ್ಲಿ ಎಸ್ಟೇಟ್ ಅಂದ ಹಾಗೆ. ನಿಲ್ದಾಣದಿಂದ ನಡೆದೇ ಹೋಗಬಹುದಾದ ಕಿಂತಾಗಳು ಇಲ್ಲಿ ಒಂದೆರಡಲ್ಲ. ದಿನಕ್ಕೆ ಎರಡಕ್ಕಿಂತ ಹೆಚ್ಚು ನೋಡಲು ಹೋಗಬೇಡಿ, ಮೂರನೆಯದರಲ್ಲಿ ನಾಲಿಗೆ ಕೈಕೊಡುತ್ತದೆ. ಭಾನುವಾರ ಸಣ್ಣ ತೋಟಗಳು ಮುಚ್ಚಿರುವುದುಂಟು.

ಇಳಿಜಾರನ್ನು ಓದುವುದು

ಎದುರಿನ ಗುಡ್ಡದ ಕಡೆ ಐದು ನಿಮಿಷ ನಿಂತು ನೋಡಿದರೆ ಮೂರು ಬಗೆಯ ತೋಟ ಕಣ್ಣಿಗೆ ಬೀಳುತ್ತದೆ. ಕಿರಿದಾದ ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಕಲ್ಲುಗೋಡೆ ಇದ್ದರೆ ಅದು ಹಳೆಯ ಸೊಕಾಲ್ಕು. ಗೋಡೆಯಿಲ್ಲದೆ ಮಣ್ಣಿನ ದಿಬ್ಬಗಳ ಮೇಲೆ ಅಗಲ ಮೆಟ್ಟಿಲಿದ್ದರೆ ಪತಮಾರ್, ಬುಲ್‌ಡೋಜರ್ ಬಂದಮೇಲಿನದು. ಸಾಲುಗಳು ಗುಡ್ಡದ ಬುಡದಿಂದ ನೆತ್ತಿಗೆ ನೇರವಾಗಿ ಏರಿದ್ದರೆ ಅದನ್ನು ‘ವಿನ್ಯಾ ಆವ್ ಆಲ್ತು’ ಅನ್ನುತ್ತಾರೆ. ನಡುನಡುವೆ ಗೋಡೆ ಕುಸಿದು, ಪೊದೆ ಬೆಳೆದು ಪಾಳುಬಿದ್ದ ಮೆಟ್ಟಿಲುಗಳೂ ಇವೆ. 19ನೇ ಶತಮಾನದ ಎರಡನೇ ಅರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರುಹುಳು ತಿಂದುಹಾಕಿದ ಮೇಲೆ ಮತ್ತೆ ನೆಡದ ಜಾಗಗಳು ಅವು. ಅವಕ್ಕೆ ಮೊರ್ತೋರಿಯು ಎಂಬ ಹೆಸರಿದೆ.

ಹಳೆಯ ಗೋಡೆಯ ಹತ್ತಿರ ಹೋಗಿ ನೋಡಿ. ಗಾರೆಯ ಗೆರೆ ಎಲ್ಲೂ ಇಲ್ಲ. ಚಪ್ಪಟೆ ಕಲ್ಲಿನ ಮೇಲೆ ಚಪ್ಪಟೆ ಕಲ್ಲು, ಸಂದಿಗೆ ಸಣ್ಣ ಚಕ್ಕೆ, ಅಷ್ಟೆ. ಮಳೆನೀರು ಸಂದಿಯಿಂದ ಸೋರಿ ಹೋಗುತ್ತದೆ, ಅದಕ್ಕೇ ಗೋಡೆ ನಿಂತಿರುವುದು. ಗಾರೆ ಹಾಕಿದ್ದರೆ ಹಿಂದೆ ನೀರು ತುಂಬಿ, ಹೊಟ್ಟೆ ಉಬ್ಬಿ ಬೀಳುತ್ತಿತ್ತು. ಅದೇ ಸಂದಿಗಳಲ್ಲಿ ಹಲ್ಲಿ, ಹಾವು ಮನೆ ಮಾಡಿಕೊಂಡಿವೆ. ಫೋಟೊಗಾಗಿ ಗೋಡೆ ಹತ್ತಬೇಡಿ. ಮೇಲಿನ ಒಂದು ಕಲ್ಲು ಜಾರಿದರೂ ಮುಂದಿನ ಚಳಿಗಾಲದ ಮಳೆಗೆ ಅಲ್ಲಿಂದಲೇ ಬಿರುಕು ಶುರು. ಕಟ್ಟಬಲ್ಲ ಕಲ್ಲುಕೆಲಸದವರು ಈಗ ಕಡಿಮೆ, ಕೂಲಿ ದುಬಾರಿ. ‘ನೆನಪಿಗೆ’ ಅಂತ ಕಲ್ಲು ಜೇಬಿಗೆ ಹಾಕಿಕೊಳ್ಳುವುದೂ ಬೇಡ.

ತೋಟದವರನ್ನು ಕೇಳಬೇಕಾದದ್ದು ಇಷ್ಟು: ಸಾಲುಗಳ ನಡುವೆ ಹುಲ್ಲು ಬಿಡುತ್ತೀರಾ, ಕಳೆನಾಶಕ ಹೊಡೆಯುತ್ತೀರಾ? ನೀರು ಹಾಯಿಸುತ್ತೀರಾ, ಎಷ್ಟು? ತಾಮ್ರದ ಸಿಂಪಡಣೆ ವರ್ಷಕ್ಕೆ ಎಷ್ಟು ಸಲ? ಕೊನೆಯದು ಮುಖ್ಯ. ಸಾವಯವ ತೋಟದಲ್ಲೂ ಬೂಜು ರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುತ್ತಾರೆ. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಅದೇ ಮೈಲುತುತ್ತು-ಸುಣ್ಣದ ಮಿಶ್ರಣ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಕೂಡುತ್ತಾ ಹೋಗುತ್ತದೆ. ಲೆಕ್ಕ ಇಟ್ಟು ಹೇಳುವ ತೋಟವನ್ನು ನಂಬಬಹುದು. ‘ನಮ್ಮದೆಲ್ಲ ನೈಸರ್ಗಿಕ’ ಎಂದು ತೇಲಿಸುವವರನ್ನು ನಂಬುವುದು ಕಷ್ಟ. ಬಾಟಲಿಯ ಮೇಲೆ ನೋಡಬೇಕಾದದ್ದು ಯುರೋಪಿನ ಸಾವಯವ ಗುರುತು, ಹಸಿರು ಹಿನ್ನೆಲೆಯಲ್ಲಿ ಬಿಳಿ ನಕ್ಷತ್ರಗಳಿಂದಾದ ಎಲೆ.

ರುಚಿ ನೋಡುವ ಕ್ರಮ

ಮೊದಲು ಒಣ (ಅಂದರೆ ಸಿಹಿಯಿಲ್ಲದ) ಬಿಳಿ ವೈನ್, ಆಮೇಲೆ ಒಣ ಕೆಂಪು, ರೂಬಿ ಪೋರ್ಟ್, ಕೊನೆಗೆ ಹಳೆಯ ಟಾನಿ. ಸಿಹಿಯನ್ನು ಮೊದಲು ಕುಡಿದರೆ ಆಮೇಲಿನದೆಲ್ಲ ಹುಳಿಯಾಗಿ, ಒಗರಾಗಿ ಕಾಣುತ್ತದೆ. ಒಂದು ಗುಟುಕು ಬಾಯಲ್ಲಿ ತಿರುಗಿಸಿ, ಅಲ್ಲೇ ಇಟ್ಟ ಪಾತ್ರೆಗೆ ಉಗುಳಿ. ಅದು ಅವಮಾನವಲ್ಲ, ಕಸುಬಿನವರೆಲ್ಲ ಮಾಡುವುದೇ ಹಾಗೆ. ಪಾತ್ರೆ ಕಾಣದಿದ್ದರೆ ಕೇಳಿ ತರಿಸಿಕೊಳ್ಳಿ. ಅಲ್ಲಿನ ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ಕೈಯಲ್ಲಿದ್ದರೆ ತುಂಬಿಸಿಕೊಳ್ಳಿ.

ರೂಬಿ ಎಂದರೆ ಗಾಳಿ ತಾಗದಂತೆ ದೊಡ್ಡ ತೊಟ್ಟಿಯಲ್ಲಿಟ್ಟದ್ದು, ಬಣ್ಣ ಗಾಢ. ಟಾನಿ ಸಣ್ಣ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ಗಾಳಿಯೊಡನೆ ಬೆರೆತದ್ದು, ಬಣ್ಣ ಇಟ್ಟಿಗೆಗೆ ತಿರುಗಿ, ಒಣಹಣ್ಣು-ಅಕ್ರೋಟಿನ ರುಚಿ ಹಿಡಿದಿರುತ್ತದೆ. ಈ ಪೀಪಾಯಿಗಳನ್ನು ನೋಡಲು ಪೋರ್ಟೊದ ಎದುರು ದಡದ ವಿಲಾ ನೋವಾ ದ ಗಾಯಾಗೆ ಹೋಗಬೇಕು. ಮೊದಲನೇ ಲೂಯಿಸ್ ದೊರೆಯ ಹೆಸರಿನ ಸೇತುವೆಯ ಕೆಳ ಅಂತಸ್ತಿನಲ್ಲಿ ನಡೆದರೆ ಹತ್ತು ನಿಮಿಷ.

ಸಸ್ಯಾಹಾರಿಗಳು ಗಮನಿಸಿ: ಕೆಲವು ವೈನ್‌ಗಳನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಜೆಲಾಟಿನ್ ಅಥವಾ ಮೀನಿನ ಅಂಟು ಬಳಸುತ್ತಾರೆ. ‘ವೇಗನ್’ ಎಂದು ಬರೆದ ಬಾಟಲಿ ಕೇಳಿ. ಕಾಲ್ದು ವೇರ್ದ್ ಎಂಬ ಸೊಪ್ಪಿನ ಸೂಪಿಗೆ ಸಾಮಾನ್ಯವಾಗಿ ಸಾಸೇಜಿನ ಚೂರು ಬೀಳುತ್ತದೆ. ಹೋಟೆಲಿನಲ್ಲಿ ಕೇಳದೆಯೇ ತಂದಿಡುವ ಬ್ರೆಡ್, ಆಲಿವ್, ಚೀಸ್ ಬಿಟ್ಟಿಯಲ್ಲ. ಬೇಡದಿದ್ದರೆ ಮುಟ್ಟದೆ ವಾಪಸು ಕಳಿಸಿ, ದುಡ್ಡೂ ಉಳಿಯುತ್ತದೆ, ಅನ್ನವೂ ದಂಡವಾಗದು.

ಅಲೆಂತೇಜು: ಗುಡಾಣ ಮತ್ತು ತೊಗಟೆ

ಲಿಸ್ಬನ್‌ನಿಂದ ಎವೊರಾಗೆ ರೈಲಿನಲ್ಲಿ ಒಂದೂವರೆ ಗಂಟೆ. ಅಲ್ಲಿಂದ ದಕ್ಷಿಣಕ್ಕೆ ವಿದಿಗೇಯ್ರಾ, ವಿಲಾ ದ ಫ್ರಾದೆಸ್ ಸುತ್ತಮುತ್ತ ರೋಮನ್ನರ ಕಾಲದಿಂದ ಬಂದ ಪದ್ಧತಿಯಲ್ಲಿ ಆಳೆತ್ತರದ ಮಣ್ಣಿನ ಗುಡಾಣಗಳಲ್ಲಿ ವೈನ್ ಮಾಡುತ್ತಾರೆ. ಗುಡಾಣಕ್ಕೆ ತಾಲ್ಯಾ ಎಂದು ಹೆಸರು. ಒಳಮೈಗೆ ಪೈನ್ ಮರದ ರಾಳ ಸವರಿರುತ್ತಾರೆ. ಹುದುಗುವಾಗ ಮೇಲೆದ್ದ ಸಿಪ್ಪೆಯನ್ನು ದಿನವೂ ಕೋಲಿನಿಂದ ಕೆಳಗೆ ತಳ್ಳಬೇಕು. ಬಿಟ್ಟರೆ ಒಳಗೆ ಅನಿಲ ಕಟ್ಟಿ ಗುಡಾಣವೇ ಸಿಡಿಯಬಹುದು. ಹುದುಗಿದ ಮೇಲೆ ಸಿಪ್ಪೆ ತಳಕ್ಕೆ ಕೂತು ಅದೇ ಜರಡಿಯಾಗುತ್ತದೆ, ಬುಡದ ಕೊಳವೆಯಿಂದ ತಿಳಿಯಾದ ವೈನ್ ಇಳಿಯುತ್ತದೆ. ತೆರೆಯುವ ದಿನ ನವೆಂಬರ್ 11, ಸಂತ ಮಾರ್ಟಿನ್ನರ ಹಬ್ಬ. ಸುಟ್ಟ ಚೆಸ್ಟ್‌ನಟ್ ಜೊತೆಗಿರುತ್ತದೆ.

ದಾರಿಯಲ್ಲಿ ಬೊಡ್ಡೆಯ ಭಾಗ ಕೆಂಗಂದಾಗಿ, ಮೇಲೆ ಬೂದುಬಣ್ಣದ ತೊಗಟೆ ಹೊತ್ತ ಮರಗಳು ಕಾಣುತ್ತವೆ. ಕಾರ್ಕ್ ಓಕ್ ಅದು, 2011ರಿಂದ ಪೋರ್ಚುಗಲ್ಲಿನ ರಾಷ್ಟ್ರೀಯ ಮರ. ಬೊಡ್ಡೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ ಇರುತ್ತದೆ, ತೊಗಟೆ ಸುಲಿದ ವರ್ಷದ ಕೊನೆಯ ಅಂಕಿ. 4 ಎಂದಿದ್ದರೆ 2024ರಲ್ಲಿ ಸುಲಿದದ್ದು, ಇನ್ನು 2033ರವರೆಗೆ ಮುಟ್ಟುವಂತಿಲ್ಲ. ಒಂಬತ್ತು ವರ್ಷದ ಅಂತರ ಕಾನೂನಿನದು. ಮೊದಲ ಸುಲಿತಕ್ಕೆ ಮರಕ್ಕೆ ಸುಮಾರು 25 ವರ್ಷವಾಗಬೇಕು, ಬಾಟಲಿಯ ಬೂಚಿಗೆ ಯೋಗ್ಯವಾದ ತೊಗಟೆ ಸಿಗುವುದು ಮೂರನೇ ಸುಲಿತದಲ್ಲಿ, ಅಂದರೆ 40 ದಾಟಿದ ಮೇಲೆ. ಕೊಡಲಿಯ ಏಟು ಒಳಪದರಕ್ಕೆ ತಾಗಿದರೆ ಆ ಗಾಯದ ಮೇಲೆ ಮತ್ತೆ ಒಳ್ಳೆಯ ತೊಗಟೆ ಬರುವುದಿಲ್ಲ. ಚಾಕುವಿನಿಂದ ಹೆಸರು ಕೆತ್ತುವುದಿರಲಿ, ಉಗುರಿನಿಂದಲೂ ಕೀಳಬೇಡಿ.

ಕಾರ್ಕ್ ಬೂಚಿಗಾಗಿ ಮರ ಕಡಿಯುವುದಿಲ್ಲ. ಬೂಚಿಗೆ ಬೇಡಿಕೆ ಇದ್ದಷ್ಟು ದಿನ ಮೊಂತಾದು ಎಂಬ ಈ ತೋಪುಗಳನ್ನು ಕಾಪಾಡಲು ಮಾಲೀಕರಿಗೆ ಕಾರಣವಿರುತ್ತದೆ. ಕಾರ್ಕ್‌ನ ಒಂದೇ ತೊಂದರೆ ಎಂದರೆ ಅಪರೂಪಕ್ಕೆ ಅಂಟುವ ಟಿಸಿಎ ಎಂಬ ರಾಸಾಯನಿಕ. ನೆನೆದ ರಟ್ಟಿನ ವಾಸನೆ ಬಂದರೆ ಅದೇ. ಹೋಟೆಲಿನಲ್ಲಿ ಸಂಕೋಚವಿಲ್ಲದೆ ಬಾಟಲಿ ಬದಲಿಸಲು ಹೇಳಿ.

ಕೊಳ್ಳುವಾಗ ಬಾಟಲಿಯನ್ನು ಕೈಯಲ್ಲಿ ತೂಗಿ ನೋಡಿ. ಹಗುರ ಬಾಟಲಿ 400 ಗ್ರಾಂ ಆಸುಪಾಸು, ಆಡಂಬರದ್ದು ಅದರ ಎರಡರಷ್ಟು. ಗಾಜು ಕರಗಿಸಲು ಸುಡುವ ಇಂಧನ ವೈನಿನ ಇಂಗಾಲದ ಲೆಕ್ಕದಲ್ಲಿ ದೊಡ್ಡ ಪಾಲು, ಭಾರಕ್ಕೂ ರುಚಿಗೂ ಸಂಬಂಧವಿಲ್ಲ. ಖಾಲಿ ಬಾಟಲಿ ಹಸಿರು ಡಬ್ಬಿಗೆ, ಬೂಚು ತೆಗೆದು.

ಮನೆಗೆ ತರುವುದು

ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ವಯಸ್ಕರೊಬ್ಬರಿಗೆ 2 ಲೀಟರ್, ಅಂದರೆ 750 ಮಿಲಿಯ ಎರಡೇ ಬಾಟಲಿ. ಒಂದು 20 ವರ್ಷದ ಟಾನಿ, ಇನ್ನೊಂದು ಮದೀರಾ ಇರಲಿ ಎಂಬುದು ನಮ್ಮ ಸಲಹೆ. ಒಂದೇ ವರ್ಷದ ಕೊಯ್ಲಿನಿಂದ ಮಾಡುವ ವಿಂಟೇಜ್ ಪೋರ್ಟ್ ಬೇಡ. ಅದರ ತಳದಲ್ಲಿ ಗಷ್ಟು ಕಟ್ಟುತ್ತದೆ, ಒಂದು ದಿನ ನೆಟ್ಟಗೆ ನಿಲ್ಲಿಸಿ, ನಿಧಾನ ಬಗ್ಗಿಸಿ ಬೇರೆ ಪಾತ್ರೆಗೆ ಇಳಿಸಬೇಕು, ತೆರೆದರೆ ಎರಡು ದಿನದೊಳಗೆ ಮುಗಿಸಬೇಕು. ಟಾನಿಯನ್ನು ಹಾಗೇ ಬಗ್ಗಿಸಿ ಕುಡಿಯಬಹುದು, ತೆರೆದಮೇಲೂ ಫ್ರಿಜ್ಜಿನಲ್ಲಿ ಒಂದು ತಿಂಗಳು ಕೆಡದು. ಮದೀರಾ ದ್ವೀಪದ ವೈನ್ ಅಂತೂ ತಯಾರಾಗುವಾಗಲೇ ಶಾಖ ಉಂಡಿರುತ್ತದೆ. ಒಂದು ವಿಧಾನದಲ್ಲಿ ಅದನ್ನು ಮೂರು ತಿಂಗಳು 45-50 ಡಿಗ್ರಿಯಲ್ಲಿ ಇಡುತ್ತಾರೆ. ನಮ್ಮ ಬೇಸಿಗೆ ಅದಕ್ಕೆ ಲೆಕ್ಕಕ್ಕಿಲ್ಲ, ತೆರೆದ ಬಾಟಲಿ ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ. ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚೆಕ್-ಇನ್ ಪೆಟ್ಟಿಗೆಯ ನಡುಭಾಗದಲ್ಲಿಡಿ. ಮನೆಗೆ ಬಂದಮೇಲೆ ಈ ಎರಡನ್ನೂ ಮಲಗಿಸದೆ ನೆಟ್ಟಗೆ ನಿಲ್ಲಿಸಿಡಿ.