ಹೆಬ್ಬೆಟ್ಟು ಒತ್ತುವ ಮೊದಲು: ಓದು ಬಾರದವರಿಗೆ ಕ್ಯಾನ್ಸರ್ ತಪಾಸಣೆ ತಿಳಿಸಿ ಹೇಳುವುದು ಹೇಗೆ?

ಆಶಾ ಕಾರ್ಯಕರ್ತೆ ಮನೆಗೆ ಬಂದು, ಮೂವತ್ತು ದಾಟಿದವರ ಹೆಸರು ಬರೆದುಕೊಂಡು, "ಗುರುವಾರ ಪಿಎಚ್‌ಸಿಗೆ ಬನ್ನಿ, ಕ್ಯಾನ್ಸರ್ ಚೆಕಪ್ ಇದೆ" ಎಂದು ಹೇಳಿ ಹೋದರು. ನಮ್ಮತ್ತೆಯ ಕಿವಿಗೆ ಬಿದ್ದದ್ದು 'ಕ್ಯಾನ್ಸರ್' ಒಂದೇ. ಆ ರಾತ್ರಿ ಊಟ ಸೇರಲಿಲ್ಲ. "ಏನಮ್ಮ, ನನ್ನ ಮುಖ ನೋಡಿ ಅವಳಿಗೆ ಏನಾದ್ರೂ ಗೊತ್ತಾಯ್ತಾ?" ಎಂದು ಕೇಳಿದರು.

ಅತ್ತೆಗೆ ನಲವತ್ತೊಂಬತ್ತು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಸ್ತ್ರೀಶಕ್ತಿ ಸಂಘದಲ್ಲಿ ಯಾರ ಸಾಲ ಎಷ್ಟು, ಬಡ್ಡಿ ಎಷ್ಟು ಬಾಕಿ ಎಂದು ಪುಸ್ತಕ ತೆರೆಯುವ ಮೊದಲೇ ಹೇಳುತ್ತಾರೆ. ಇಂಥವರಿಗೆ ತಪಾಸಣೆಯ ವಿಷಯ ಅರ್ಥವಾಗದಿದ್ದರೆ ತಪ್ಪು ನಾವು ಹೇಳಿದ ರೀತಿಯಲ್ಲಿದೆ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಹೀಗೆ ಯಾರಾದರೂ ಇದ್ದರೆ ಕೂತು ಮಾತಾಡಲು ಒಂದು ಸಂಜೆ ಸಾಕು.

ಮೊದಲು, ಕರೆದದ್ದು ಯಾಕೆಂದು ಹೇಳಿ

ತಪಾಸಣೆಗೆ ಕರೆಯುವುದು ಏನೂ ತೊಂದರೆ ಇಲ್ಲದವರನ್ನು. ನಮ್ಮ ದೇಶದಲ್ಲಿ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದವರಿಗೆ ಬಿಪಿ, ಶುಗರ್ ಜೊತೆಗೆ ಬಾಯಿ ನೋಡುತ್ತಾರೆ. ಹೆಂಗಸರಿಗೆ ಎದೆ ಮತ್ತು ಗರ್ಭಕೋಶದ ಬಾಯಿಯನ್ನೂ ನೋಡುತ್ತಾರೆ. ಈ ಮೂರು ಕ್ಯಾನ್ಸರ್ ತಪಾಸಣೆ ಐದು ವರ್ಷಕ್ಕೊಮ್ಮೆ.

ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತ, ಗಂಡನ ಜೊತೆ ಸೇರಿದ ಮೇಲೆ ರಕ್ತ, ಮೂರು ವಾರವಾದರೂ ಮಾಯದ ಬಾಯಿಹುಣ್ಣು ಇದ್ದರೆ ಕ್ಯಾಂಪಿನ ದಿನಕ್ಕೆ ಕಾಯಬಾರದು. ನೇರವಾಗಿ ಡಾಕ್ಟರ ಹತ್ತಿರ ಹೋಗಬೇಕು. ಈ ವ್ಯತ್ಯಾಸವನ್ನು ಬಿಡಿಸಿ ಹೇಳಿ.

ಏನು ಮಾಡುತ್ತಾರೆ ಎಂಬುದನ್ನು ನಾಚಿಕೆ ಬಿಟ್ಟು ಹೇಳಿ

ಬಾಯಿಯದು ಸುಲಭ. ಟಾರ್ಚ್ ಹಾಕಿ ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ಬಿಳಿ, ಕೆಂಪು ಮಚ್ಚೆ ಇದೆಯೇ ನೋಡುತ್ತಾರೆ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಹಾಕುವವರಿಗೆ ಇದು ತುಂಬಾ ಮುಖ್ಯ. ಮನೆಯ ಗಂಡಸರನ್ನೂ ಹೊರಡಿಸಿ. ಎದೆಯನ್ನು ಸಿಸ್ಟರಮ್ಮ ಕೈಯಿಂದ ಒತ್ತಿ ನೋಡುತ್ತಾರೆ.

ಭಯವೆಲ್ಲ ಮೂರನೆಯದರ ಬಗ್ಗೆ. ಒಂದು ಸಲಕರಣೆಯಿಂದ ದಾರಿ ಅಗಲಿಸಿ, ವಿನಿಗರ್‌ನಂಥ ತೆಳು ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕೋಶದ ಬಾಯಿಗೆ ತಾಗಿಸಿ ಒಂದು ನಿಮಿಷ ಕಾಯುತ್ತಾರೆ. ಜೀವಕೋಶಗಳು ಬದಲಾಗಿರುವ ಜಾಗ ಬೆಳ್ಳಗಾಗುತ್ತದೆ. ಸ್ವಲ್ಪ ಉರಿಯಬಹುದು, ಮುಜುಗರವಂತೂ ಆಗುತ್ತದೆ. "ಏನೂ ಆಗಲ್ಲ ಬಿಡಿ" ಎಂದು ಸುಳ್ಳು ಹೇಳಿದರೆ ಮುಂದಿನ ಸಲ ನಿಮ್ಮ ಮಾತು ನಂಬುವುದಿಲ್ಲ. ಮುಟ್ಟಿನ ದಿನಗಳಲ್ಲಿ ಈ ಪರೀಕ್ಷೆ ಮಾಡುವುದಿಲ್ಲ. ಮುಟ್ಟು ನಿಂತವರಲ್ಲಿ ಆ ಜಾಗ ಸರಿಯಾಗಿ ಕಾಣದೆ ಬೇರೆ ಪರೀಕ್ಷೆಗೆ ಕಳಿಸುವುದೂ ಉಂಟು. ಗರ್ಭಕೋಶ ತೆಗೆಸಿಕೊಂಡವರು ಅದನ್ನು ಮೊದಲೇ ತಿಳಿಸಬೇಕು.

ಇನ್ನೊಂದು ಮಾತು: ಒಂದನ್ನು ಮಾಡಿಸಿಕೊಂಡು ಇನ್ನೊಂದು ಬೇಡ ಎನ್ನಬಹುದು. ಹೀಗನ್ನಬಹುದು ಎಂದು ಎಷ್ಟೋ ಹೆಂಗಸರಿಗೆ ಯಾರೂ ಹೇಳಿರುವುದೇ ಇಲ್ಲ.

ಮೊರದಲ್ಲಿ ನೂರು ಕಾಳು

'ಶೇಕಡಾ' ಎಂಬ ಮಾತೇ ಬೇಡ. ನಾನು ಒಂದು ಮೊರದಲ್ಲಿ ನೂರು ಅವರೆಕಾಳು ಎಣಿಸಿ ಹಾಕಿ ಅತ್ತೆಯ ಮುಂದಿಟ್ಟೆ. ಒಂದೊಂದು ಕಾಳು ಒಬ್ಬೊಬ್ಬ ಹೆಂಗಸು. "ನೂರು ಜನರನ್ನು ನೋಡಿದರೆ ಎಷ್ಟು ಜನರನ್ನು ಮತ್ತೆ ಕರೆಯುತ್ತೀರಿ?" ಎಂದು ಸಿಸ್ಟರಮ್ಮನನ್ನು ಮೊದಲೇ ಕೇಳಿಕೊಂಡಿದ್ದೆ. ನಮ್ಮ ಕಡೆ ಸುಮಾರು ಐದು ಎಂದಿದ್ದರು. ನೀವು ನಿಮ್ಮ ಕೇಂದ್ರದಲ್ಲೇ ಕೇಳಿ, ಊರಿಂದೂರಿಗೆ ಲೆಕ್ಕ ಬೇರೆ ಇರುತ್ತದೆ.

ಐದು ಕಾಳನ್ನು ಪಕ್ಕಕ್ಕೆ ಸರಿಸಿದೆ. ಅತ್ತೆ ಅವನ್ನೇ ನೋಡುತ್ತಾ, "ಇವ್ರಿಗೆಲ್ಲ ಬಂದಿದ್ಯಾ?" ಎಂದರು. ಇಲ್ಲ. ಹೀಗೆ ಮತ್ತೆ ಕರೆಸಿಕೊಂಡವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೂ ಅವರು ಇನ್ನೊಂದು ಪರೀಕ್ಷೆಗೆ ಹೋಗಬೇಕು, ಅಲ್ಲಿಯವರೆಗೆ ನಿದ್ದೆಗೆಡಬೇಕು. ಆಮೇಲೆ ಮೊರದಲ್ಲಿ ಉಳಿದ ತೊಂಬತ್ತೈದು ಕಾಳಿನ ಮೇಲೆ ಕೈಯಾಡಿಸಿ, ಇದರಲ್ಲೂ ಒಂದು ತಪ್ಪಿಸಿಕೊಂಡಿರಬಹುದು ಎಂದೆ. ಅದಕ್ಕೇ 'ಸರಿಯಾಗಿದೆ' ಎಂದು ಹೇಳಿಸಿಕೊಂಡವರೂ ತೊಂದರೆ ಕಂಡರೆ ಐದು ವರ್ಷ ಸುಮ್ಮನಿರಬಾರದು.

ಲಾಭವನ್ನೂ ಇದೇ ಕಾಳಿನಲ್ಲಿ ತೋರಿಸಿ. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ನಾಲ್ಕು ಸಲ ಈ ಆಮ್ಲದ ಪರೀಕ್ಷೆ ಮಾಡಿದರು. ತಪಾಸಣೆ ಇಲ್ಲದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಹತ್ತು ಸಾವಾದರೆ, ತಪಾಸಣೆಯ ಗುಂಪಿನಲ್ಲಿ ಏಳು ಎಂಬ ಲೆಕ್ಕ ಸಿಕ್ಕಿತು. ಹತ್ತು ಎಂದರೆ ನೂರಕ್ಕೆ ಹತ್ತಲ್ಲ, ಸಾವಿರಾರು ಜನರ ನಡುವೆ ಹತ್ತು. ಇದನ್ನೂ ಹೇಳಿ, ಇಲ್ಲದಿದ್ದರೆ ಭಯ ಹುಟ್ಟಿಸಿ ಒಪ್ಪಿಸಿದಂತಾಗುತ್ತದೆ.

'ಪಾಸಿಟಿವ್' ಎನ್ನಬೇಡಿ

ಕೊರೊನಾ ಬಂದು ಹೋದ ಮೇಲೆ ಪಾಸಿಟಿವ್ ಎಂದರೆ ಕಾಯಿಲೆ ಇದೆ ಎಂದೇ ಜನರ ಮನಸ್ಸಿನಲ್ಲಿ ಕೂತಿದೆ. "ಬಿಳಿ ಮಚ್ಚೆ ಕಂಡಿದೆ, ದೊಡ್ಡ ಡಾಕ್ಟರು ಇನ್ನೊಮ್ಮೆ ನೋಡಬೇಕು" ಎನ್ನಿ.

ಮುಂದಿನ ದಾರಿ, ಖರ್ಚು

"ಆಮೇಲೆ ಗರ್ಭಕೋಶ ತೆಗೆದುಬಿಡ್ತಾರೆ" ಎಂಬ ಮಾತು ಊರೂರಲ್ಲಿದೆ. ಸಣ್ಣಪುಟ್ಟ ಕಾರಣಕ್ಕೆ ತೆಗೆಸಿಕೊಂಡವರು ನಮ್ಮ ಬೀದಿಯಲ್ಲೇ ಇರುವಾಗ ಈ ಭಯವನ್ನು ತಳ್ಳಿಹಾಕಲಾಗದು. ಕ್ಯಾನ್ಸರಿಗೆ ಮುಂಚಿನ ಹಂತದಲ್ಲಿ ಸಾಮಾನ್ಯವಾಗಿ ಆ ಮಚ್ಚೆಯ ಜಾಗವನ್ನಷ್ಟೇ ಸುಡುತ್ತಾರೆ ಅಥವಾ ತೆಗೆಯುತ್ತಾರೆ, ಗರ್ಭಕೋಶ ಹಾಗೇ ಇರುತ್ತದೆ ಎಂದು ವಿವರಿಸಿ. ಯಾರಾದರೂ ತೆಗೆಸಬೇಕೆಂದರೆ ಇನ್ನೊಬ್ಬ ಡಾಕ್ಟರನ್ನು ಕೇಳಲು ಹೇಳಿ.

ಬಸ್ ಚಾರ್ಜ್ ಎಷ್ಟು, ಎಷ್ಟು ದಿನದ ಕೂಲಿ ಹೋಗುತ್ತದೆ, ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ಮೊದಲೇ ಮಾತಾಡಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ದೊಡ್ಡಾಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ.

"ಅರ್ಥ ಆಯ್ತಾ?" ಎಂದು ಕೇಳಬೇಡಿ

ಆ ಪ್ರಶ್ನೆಗೆ ಎಲ್ಲರೂ "ಹ್ಞೂಂ" ಎನ್ನುತ್ತಾರೆ. "ನಿಮ್ಮ ತಂಗಿ ಕೇಳಿದರೆ ಹೇಗೆ ಹೇಳ್ತೀರಿ ಅತ್ತೆ?" ಎಂದು ಕೇಳಿದೆ. ಅವರು ಕಾಳು ಸರಿಸುತ್ತಾ ಹೇಳಿದರು. ಎಲ್ಲ ಸರಿಯಿತ್ತು, ಆದರೆ "ಒಂದ್ಸಲ ಮಾಡಿಸಿದ್ರೆ ಸಾಯೋತನಕ ಬೇಕಿಲ್ಲ" ಎಂದುಬಿಟ್ಟರು. ನಾನು ಎಡವಿದ ಜಾಗ ಗೊತ್ತಾಯಿತು, ಅಷ್ಟನ್ನು ಮತ್ತೆ ಹೇಳಿದೆ.

ಆಮೇಲೆ ಸುಮ್ಮನಿರಿ

ಇದೇ ಕಷ್ಟದ ಹೆಜ್ಜೆ. ಆಸ್ಟ್ರೇಲಿಯಾದಲ್ಲಿ ಕಡಿಮೆ ಓದಿದವರಿಗೆ ಕರುಳಿನ ಕ್ಯಾನ್ಸರ್ ತಪಾಸಣೆಯ ಬಗ್ಗೆ ಸರಳ ಪುಸ್ತಿಕೆ, ಡಿವಿಡಿ ಕೊಟ್ಟು ನೋಡಿದರು; ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ತಿಳಿದು ನಿರ್ಧರಿಸಿದವರು ಮಾಮೂಲಿ ಕರಪತ್ರ ಪಡೆದ ನೂರು ಜನರಲ್ಲಿ 12, ಪುಸ್ತಿಕೆ ಪಡೆದ ನೂರರಲ್ಲಿ 34. ಪರೀಕ್ಷೆ ಮಾಡಿಸಿಕೊಂಡವರು ಮಾತ್ರ ಮೊದಲ ಗುಂಪಿನಲ್ಲಿ 75, ಎರಡನೆಯದರಲ್ಲಿ 59. ತಿಳಿದುಕೊಂಡ ಮೇಲೆ ಕೆಲವರು ಬೇಡ ಎಂದರು. ಅದೂ ಅವರ ಹಕ್ಕು. ನನಗಂತೂ ಅತ್ತೆ ಮೂರನ್ನೂ ಮಾಡಿಸಿಕೊಳ್ಳಲಿ ಎಂದೇ ಆಸೆಯಿತ್ತು. ಕೇಳಿದಾಗ ಅದನ್ನು ಹೇಳಿದೆ, ಒತ್ತಾಯಿಸಲಿಲ್ಲ.

ಆ ಗುರುವಾರ ಅವರು ಬಾಯಿ, ಎದೆ ತೋರಿಸಿ ಬಂದರು. ಮೂರನೆಯದಕ್ಕೆ ಒಂದು ತಿಂಗಳು ಬಿಟ್ಟು ತಂಗಿಯನ್ನು ಕರೆದುಕೊಂಡು ತಾವೇ ಹೋದರು. ಚೀಟಿಯ ಫೋಟೋ ನನ್ನ ಮೊಬೈಲಿನಲ್ಲಿದೆ, ಚೀಟಿ ರೇಷನ್ ಕಾರ್ಡಿನ ಕವರಿನಲ್ಲಿದೆ. ಮುಂದಿನ ತಾರೀಕನ್ನು ಯಾರೂ ಬರೆದುಕೊಡಬೇಕಿಲ್ಲ. ಮೊಮ್ಮಗ ಈಗ ಐದನೇ ಕ್ಲಾಸು, ಅವನು ಎಸ್ಸೆಸ್ಸೆಲ್ಸಿ ಬರೆಯುವ ವರ್ಷ ಮತ್ತೆ ಹೋಗಬೇಕು ಎಂದು ಅತ್ತೆಯೇ ಲೆಕ್ಕ ಹಾಕಿಟ್ಟುಕೊಂಡಿದ್ದಾರೆ.