ಮಲ್ಟಿಟೂಲ್‌ನ ಕಚ್ಚಿನಲ್ಲಿ ಎಷ್ಟು ವೈರು ಸುಲಿಯಬಹುದು?

ನಾನೇ ಹಾಕಿದ್ದ ಒಂದು ಸ್ವಿಚ್ಚು ಐದು ತಿಂಗಳಿಗೆ ಕೈಕೊಟ್ಟಿತು. ಮೇನ್ ಆಫ್ ಮಾಡಿ, ಪ್ಲೇಟು ಬಿಚ್ಚಿ, ಸ್ವಿಚ್ಚನ್ನು ಮೆಲ್ಲಗೆ ಮುಂದಕ್ಕೆ ಎಳೆದೆ. ಟರ್ಮಿನಲ್‌ನ ಸ್ಕ್ರೂ ಬಿಗಿಯಾಗೇ ಇತ್ತು. ವೈರು ಮಾತ್ರ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಮುಗಿಯುವ ಜಾಗಕ್ಕೆ ಸರಿಯಾಗಿ ತುಂಡಾಗಿತ್ತು. 1.5 ಸ್ಕ್ವೇರ್ ಎಂಎಂ, ಸಿಂಗಲ್ ಕೋರ್ ತಾಮ್ರ, ಅಂದರೆ ಒಳಗೆ ಎಳೆಗಳಿಲ್ಲದ ಒಂದೇ ಗಟ್ಟಿ ತಂತಿ. ತುಂಡನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಅರ್ಧ ಸುತ್ತು ನೇರವಾದ ಗೀರು, ಆ ಕಡೆ ತಾಮ್ರ ಕಪ್ಪಾಗಿತ್ತು. ಉಳಿದರ್ಧ ಆಗಷ್ಟೇ ಹರಿದ ಹಾಗೆ ಹೊಳೆಯುತ್ತಿತ್ತು.

ಗೀರು ಎಲ್ಲಿಂದ ಬಂತು ಅಂತ ಹುಡುಕಬೇಕಾಗಿರಲಿಲ್ಲ. ಆ ಕೆಲಸದ ದಿನ ವೈರಿನ ಸಿಪ್ಪೆ ಸುಲಿಯುವ ಸ್ಟ್ರಿಪ್ಪರ್ ಇದ್ದ ಪೆಟ್ಟಿಗೆ ಕೆಳಗೆ ವಾಹನದಲ್ಲಿತ್ತು. ಸೊಂಟದಲ್ಲಿ ಮಲ್ಟಿಟೂಲ್ ಇತ್ತು, ಇಕ್ಕಳ, ಚಾಕು ಎಲ್ಲ ಒಂದರಲ್ಲೇ ಮಡಚಿ ಇಡುವ ಟೂಲ್. ನಾಲ್ಕೇ ಸ್ವಿಚ್ಚು ಅಲ್ವಾ ಅಂತ ಅದರಲ್ಲೇ ಸುಲಿದು ಮುಗಿಸಿದ್ದೆ. ಸ್ವಿಚ್ಚಿನ ಹಿಂದಿನ ಪೆಟ್ಟಿಗೆಯೊಳಗೆ ವೈರನ್ನು ಮಡಚಿ ತುರುಕುವಾಗಲೇ ಗೀರಿದ್ದ ಕಡೆ ಬಿರುಕು ಬಿಟ್ಟಿರಬೇಕು. ಆಮೇಲೆ ಸ್ವಿಚ್ಚು ಒತ್ತಿದಾಗೆಲ್ಲ ಸಣ್ಣ ಅಲುಗಾಟ, ಕರೆಂಟು ಹರಿದಾಗ ಬಿಸಿ, ನಿಂತಾಗ ತಣ್ಣಗೆ. ಉಳಿದ ಕೆಲಸವನ್ನು ಅವು ಮಾಡಿದವು. ಆ ದಿನ ಉಳಿದ ಮೂರು ಸ್ವಿಚ್ಚುಗಳನ್ನೂ ಬಿಚ್ಚಿ ನೋಡಿದೆ. ಎರಡರಲ್ಲಿ ಗೀರಿತ್ತು. ಎಲ್ಲ ತುದಿಗಳನ್ನೂ ಕತ್ತರಿಸಿ ಹೊಸದಾಗಿ ಸುಲಿದು ಹಾಕಿ ಬಂದೆ.

ಮಲ್ಟಿಟೂಲನ್ನು ದೂರಲು ಇದನ್ನು ಬರೆಯುತ್ತಿಲ್ಲ. ಇವತ್ತಿಗೂ ಅದು ನನ್ನ ಸೊಂಟದಲ್ಲೇ ಇದೆ. ಆದರೆ ಅದರಲ್ಲಿ ವೈರು ಸುಲಿಯುವುದು ಹೇಗೆ, ಎಲ್ಲಿಯವರೆಗೆ ಅನ್ನುವುದನ್ನು ಆ ಸ್ವಿಚ್ಚು ನನಗೆ ಮತ್ತೆ ಮೊದಲಿನಿಂದ ಕಲಿಸಿತು.

ಮೊದಲು ಆ ಕಚ್ಚನ್ನು ಸರಿಯಾಗಿ ನೋಡಿ. ವಿಕ್ಟೋರಿನಾಕ್ಸ್ ಚಾಕುಗಳಲ್ಲಿ ಬಾಟಲ್ ಓಪನರ್‌ನ ಬುಡದಲ್ಲಿ ಒಂದು ಪುಟ್ಟ ಅರ್ಧಚಂದ್ರ ಇರುತ್ತದೆ. ವೈರು ಸುಲಿಯುವ ಕಚ್ಚು ಅದೇ. ಬಹಳ ಜನಕ್ಕೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಇಕ್ಕಳ ಇರುವ ಮಲ್ಟಿಟೂಲ್‌ಗಳಲ್ಲೂ ಸಾಮಾನ್ಯವಾಗಿ ಅದು ಬೇರೆ ಯಾವುದೋ ಅಲಗಿನ ಪಕ್ಕದಲ್ಲಿ ಜಾಗ ಪಡೆದಿರುತ್ತದೆ. ಇದರಲ್ಲಿ ಆಶ್ಚರ್ಯ ಇಲ್ಲ. ಇಕ್ಕಳದ ಮಲ್ಟಿಟೂಲ್ ತಯಾರಿಸಿದ ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯ ಕಾರಿನಲ್ಲಿ ಯುರೋಪ್ ಸುತ್ತುವಾಗ ರಿಪೇರಿಗೆ ಅವನ ಬಳಿ ಇಲ್ಲದಿದ್ದದ್ದು ಇಕ್ಕಳ. 1983ರಲ್ಲಿ ಮಾರಾಟಕ್ಕೆ ಬಂದ ಅವನ ಟೂಲ್ ಇಕ್ಕಳದ ಸುತ್ತ ಕಟ್ಟಿದ್ದು. ವೈರು ಸುಲಿಯುವುದು ಇಂಥ ಟೂಲ್‌ಗಳ ಮುಖ್ಯ ಕೆಲಸ ಆಗಿರಲೇ ಇಲ್ಲ.

ಬೇರೆಯಾಗಿ ಸಿಗುವ ಸ್ಟ್ರಿಪ್ಪರ್‌ನಲ್ಲಿ ಎರಡು ದವಡೆ ಇರುತ್ತವೆ. ಒಂದೊಂದರಲ್ಲೂ ಅರ್ಧ ವೃತ್ತ. ಎರಡೂ ಸೇರಿದಾಗ ಒಂದು ತೂತಾಗುತ್ತದೆ. 1.5 ಸ್ಕ್ವೇರ್ ಎಂಎಂ ಸಿಂಗಲ್ ಕೋರ್‌ನ ತಾಮ್ರ ಸುಮಾರು 1.38 ಮಿಲಿಮೀಟರ್ ದಪ್ಪ, 2.5ರದು ಸುಮಾರು 1.78. ತೂತು ಅದಕ್ಕಿಂತ ಕೂದಲಷ್ಟು ದೊಡ್ಡದು. ಹಿಡಿಯನ್ನು ಎಷ್ಟೇ ಗಟ್ಟಿಯಾಗಿ ಒತ್ತಿದರೂ ದವಡೆಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಅಲಗು ತಾಮ್ರಕ್ಕೆ ತಲುಪುವುದೇ ಇಲ್ಲ. ಮಲ್ಟಿಟೂಲ್‌ನ ಕಚ್ಚು ಒಂದೇ ಕಡೆಯದು. ಇನ್ನೊಂದು ಕಡೆ ಇರುವುದು ನಿಮ್ಮ ಹೆಬ್ಬೆರಳು. ಎಷ್ಟು ಆಳಕ್ಕೆ ನಿಲ್ಲಿಸಬೇಕು ಅನ್ನುವುದನ್ನು ಆ ಹೆಬ್ಬೆರಳೇ ತೀರ್ಮಾನ ಮಾಡಬೇಕು. ಮೊದಲನೇ ವೈರಿಗೆ ಅದು ಚೆನ್ನಾಗಿ ಮಾಡುತ್ತದೆ. ಹದಿನೈದನೇ ವೈರಿಗೆ ಸುಸ್ತಾಗಿರುತ್ತದೆ.

ನಾನು ಈಗ ಮಾಡುವ ರೀತಿ ಹೀಗೆ. ವೈರನ್ನು ಕಚ್ಚಿನಲ್ಲಿ ಕೂರಿಸಿ, ಹೆಬ್ಬೆರಳಿನಿಂದ ಹಗುರವಾಗಿ ಒತ್ತಿ, ವೈರನ್ನೇ ಒಂದು ಸುತ್ತು ತಿರುಗಿಸುತ್ತೇನೆ. ಟೂಲನ್ನು ತಿರುಗಿಸುವುದಿಲ್ಲ, ಅದು ವಾಲಿದರೆ ಒಂದು ಕಡೆ ಆಳವಾಗಿ ಕೂರುತ್ತದೆ. ಸಿಪ್ಪೆಯ ಮುಕ್ಕಾಲು ಭಾಗ ಮಾತ್ರ ಕತ್ತರಿಸಬೇಕು. ಪಿವಿಸಿಯಲ್ಲಿ ಅಲಗು ಹೋಗುವಾಗ ಮೆತ್ತಗೆ ಜಾರುತ್ತದೆ. ತಾಮ್ರ ಸಿಕ್ಕಿದ ಕೂಡಲೇ ಬೆರಳಿಗೆ ಕರಕರ ಅನ್ನುವ ಸಣ್ಣ ಒರಟುತನ ಬರುತ್ತದೆ. ಅದು ಬಂತು ಅಂದರೆ ತಡವಾಯಿತು ಅಂತಲೇ ಅರ್ಥ. ಆ ತುದಿಯನ್ನು ಕತ್ತರಿಸಿ ಮತ್ತೆ ಶುರು ಮಾಡುತ್ತೇನೆ. ಸುತ್ತು ಸರಿಯಾಗಿ ಬಿದ್ದಿದ್ದರೆ, ಗೆರೆಯ ಹತ್ತಿರ ವೈರನ್ನು ಆಚೆ ಈಚೆ ಸ್ವಲ್ಪವೇ ಬಾಗಿಸಿದರೆ ಸಾಕು, ಉಳಿದ ಕಾಲು ಭಾಗ ತಾನೇ ಬಿರಿಯುತ್ತದೆ. ಆಮೇಲೆ ಬೆರಳಿನಿಂದಲೇ ಎಳೆದು ತೆಗೆಯಬಹುದು. ಕಚ್ಚಿನಲ್ಲೇ ಇಟ್ಟು ಎಳೆದರೆ ಅಲಗು ತಾಮ್ರದ ಮೇಲೆ ಉದ್ದಕ್ಕೂ ಕೆರೆಯುತ್ತದೆ.

ಇಕ್ಕಳದ ಕತ್ತರಿಸುವ ಭಾಗದಲ್ಲಿ ವೈರನ್ನು ಅರ್ಧ ಒತ್ತಿ ಎಳೆಯುವವರು ಇದ್ದಾರೆ. ನಾನೂ ಬಹಳ ಕಾಲ ಹಾಗೇ ಮಾಡಿದವನು. ಕಚ್ಚಿಗಿಂತ ಇದು ಕೆಟ್ಟದ್ದು, ಯಾಕಂದರೆ ಎರಡೂ ಕಡೆಯಿಂದ ಎದುರುಬದುರಾಗಿ ಗೀರು ಬೀಳುತ್ತದೆ. ವೈರು ಮುರಿಯಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ನನ್ನ ಜೊತೆ ಕಲಿಯುವ ಹುಡುಗನಿಗೆ ಇದನ್ನು ಬಾಯಲ್ಲಿ ಹೇಳಿದರೆ ಮನಸ್ಸಿಗೆ ಹೋಗಲಿಲ್ಲ. ಒಂದೇ ವೈರಿನ ಎರಡು ತುಂಡು ಕೊಟ್ಟೆ. ಒಂದನ್ನು ಸ್ಟ್ರಿಪ್ಪರ್‌ನಲ್ಲಿ, ಇನ್ನೊಂದನ್ನು ಇಕ್ಕಳದಲ್ಲಿ ಸುಲಿಯಲು ಹೇಳಿದೆ.

"ಅಣ್ಣ, ಎರಡೂ ಒಂದೇ ಥರ ಇದೆಯಲ್ವಾ?" ಅಂದ.

"ಸಿಪ್ಪೆ ಮುಗಿಯೋ ಕಡೆ ಹಿಡಿದು ಎರಡನ್ನೂ ಬಗ್ಗಿಸು. ಎಣಿಸ್ತಾ ಹೋಗು."

ಇಕ್ಕಳದಲ್ಲಿ ಸುಲಿದದ್ದು ನಾಲ್ಕನೇ ಸಲಕ್ಕೆ ಕೈಗೆ ಬಂತು. ಇನ್ನೊಂದು ಹತ್ತು ದಾಟಿದರೂ ಹಾಗೇ ಇತ್ತು. ಅವನು ಆ ಮುರಿದ ತುಂಡನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ನಾನು ಅವನಿಗೆ ಆ ಬಗ್ಗೆ ಏನೂ ಹೇಳಬೇಕಾಗಿ ಬಂದಿಲ್ಲ.

ಸಿಂಗಲ್ ಕೋರ್‌ನಲ್ಲಿ ಗೀರು ಬಿದ್ದರೆ ಕಣ್ಣಿಗೆ ಕಾಣುತ್ತದೆ. ಎಳೆ ವೈರಿನಲ್ಲಿ ತೊಂದರೆ ಬೇರೆ ಥರ. 1.5ರ ಫ್ಲೆಕ್ಸಿಬಲ್ ವೈರಿನಲ್ಲಿ ಸಾಮಾನ್ಯವಾಗಿ 0.25 ಮಿಲಿಮೀಟರ್‌ನ 30 ಎಳೆಗಳಿರುತ್ತವೆ. ಮಲ್ಟಿಟೂಲ್‌ನ ಕಚ್ಚು ಒಂದು ಕಡೆಯಿಂದ ಒತ್ತುವುದರಿಂದ ಹೊರಗಿನ ಎಳೆಗಳು ಮೊದಲು ಸಿಕ್ಕಿಬೀಳುತ್ತವೆ. ಐದು ಎಳೆ ಹೋದರೆ ತಾಮ್ರದ ಆರನೇ ಒಂದು ಭಾಗ ಹೋಯಿತು ಅಂತ ಲೆಕ್ಕ. ಆ ಜಾಗದಲ್ಲಿ ವೈರು 1.25ರದ್ದಾಯಿತು, ಸ್ಕ್ರೂ ಕೆಳಗೆ ಹಿಡಿತವೂ ಕಡಿಮೆಯಾಯಿತು. ಸುಲಿದ ಸಿಪ್ಪೆಯನ್ನು ಬಿಸಾಡುವ ಮೊದಲು ಅಂಗೈ ಮೇಲೆ ಇಟ್ಟು ಅದರ ಒಳಗೆ ನೋಡಿ. ತುಂಡಾದ ಎಳೆಗಳು ಅದರೊಳಗೇ ಉಳಿದಿರುತ್ತವೆ. ಕೂದಲಿನ ಹಾಗೆ ಎರಡು ಮೂರು ಹೊಳೆದರೆ ಆ ತುದಿಯನ್ನು ಮತ್ತೆ ಸುಲಿಯುವುದೇ ಒಳ್ಳೆಯದು. ಈ ಒಂದು ಅಭ್ಯಾಸ ನನಗೆ ಬೇರೆ ಎಲ್ಲದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದೆ. ಸ್ಪೀಕರ್ ವೈರು, ಚಾರ್ಜರ್ ವೈರಿನಂಥ ತೀರಾ ತೆಳುವಾದವಕ್ಕೆ ನಾನು ಮಲ್ಟಿಟೂಲನ್ನು ಮುಟ್ಟುವುದೇ ಇಲ್ಲ.

ಇನ್ನು ಸ್ಟ್ರಿಪ್ಪರ್‌ಗಳ ವಿಷಯ. ನಾನು ಹೆಚ್ಚು ಬಳಸುವುದು ಅಳತೆಯ ತೂತುಗಳಿರುವ ಸಾದಾ ಸ್ಟ್ರಿಪ್ಪರ್. ಅದರ ಮೇಲೆ ಎಡಬ್ಲ್ಯೂಜಿ ಅನ್ನುವ ಅಮೆರಿಕದ ವೈರಿನ ಅಳತೆ ಮಾತ್ರ ಇದ್ದರೆ ಗೊಂದಲ ಆಗುತ್ತದೆ. ಆ ಲೆಕ್ಕದಲ್ಲಿ ಸಂಖ್ಯೆ ದೊಡ್ಡದಾದಷ್ಟೂ ವೈರು ಸಣ್ಣದು. 14 ಅಂದರೆ 2.08 ಸ್ಕ್ವೇರ್ ಎಂಎಂ, 16 ಅಂದರೆ 1.31. ನಮ್ಮ 1.5 ಇವೆರಡರ ನಡುವೆ ಬೀಳುತ್ತದೆ. 16ರ ತೂತಿನಲ್ಲಿ ಇಟ್ಟರೆ ತಾಮ್ರಕ್ಕೆ ಗೀರು ಬೀಳುತ್ತದೆ, 14ರಲ್ಲಿ ಇಡಬೇಕು. ಹಾಗೆಯೇ 2.5ಕ್ಕೆ 12ರ ತೂತು. ಸಿಪ್ಪೆ ಪೂರ್ತಿ ಕತ್ತರಿಸದೆ ಸ್ವಲ್ಪ ಎಳೆದುಕೊಂಡು ಬಂದರೂ ಪರವಾಗಿಲ್ಲ. ಒಂದೇ ತೂತಿಗೆ ಎರಡು ಸಂಖ್ಯೆ ಬರೆದಿದ್ದರೆ ಒಂದು ಸಿಂಗಲ್ ಕೋರ್‌ಗೆ, ಇನ್ನೊಂದು ಎಳೆ ವೈರಿಗೆ. ಎಳೆಗಳ ನಡುವೆ ಸಂದು ಇರುವುದರಿಂದ ಅದೇ ಅಳತೆಯ ಎಳೆ ವೈರು ಸ್ವಲ್ಪ ದಪ್ಪ.

ಆಟೋಮ್ಯಾಟಿಕ್ ಸ್ಟ್ರಿಪ್ಪರ್ ತೆಗೆದುಕೊಂಡದ್ದು ಒಂದು ಕಂಟ್ರೋಲ್ ಪ್ಯಾನಲ್ ಕೆಲಸಕ್ಕೆ. ಇನ್ನೂರಕ್ಕೂ ಹೆಚ್ಚು ತುದಿಗಳು, ಎಲ್ಲಕ್ಕೂ ಫೆರೂಲ್, ಅಂದರೆ ಎಳೆಗಳ ತುದಿಯನ್ನು ಒಟ್ಟಿಗೆ ಹಿಡಿಯುವ ಪುಟ್ಟ ಲೋಹದ ಕೊಳವೆ, ಹಾಕಬೇಕಿತ್ತು. ಅದರಲ್ಲಿ ಒಂದು ಜೊತೆ ದವಡೆ ಸಿಪ್ಪೆಯನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ಜೊತೆ ಕತ್ತರಿಸಿ ಹಿಂದಕ್ಕೆ ಎಳೆಯುತ್ತದೆ. ಎಲ್ಲವೂ ಒಂದೇ ಒತ್ತಿಗೆ. ಉದ್ದಕ್ಕೆ ಒಂದು ತಡೆ ಇರುತ್ತದೆ, ಅದನ್ನು ಒಮ್ಮೆ ಕೂರಿಸಿದರೆ ಮೊದಲನೆಯದೂ ಇನ್ನೂರನೆಯದೂ ಒಂದೇ ಉದ್ದ. ಸುಲಿಯುವ ಉದ್ದವನ್ನು ಜನ ಲಘುವಾಗಿ ನೋಡುತ್ತಾರೆ. ವೈರುಗಳನ್ನು ಸ್ಕ್ರೂ ಇಲ್ಲದೆ ಸೇರಿಸುವ ವಾಗೊ 221 ಥರದ ಲಿವರ್ ಕನೆಕ್ಟರ್ ಕೇಳುವುದು 11 ಮಿಲಿಮೀಟರ್. ಕಡಿಮೆಯಾದರೆ ಹಿಡಿತ ಸಾಲದು, ಜಾಸ್ತಿಯಾದರೆ ಬರಿ ತಾಮ್ರ ಹೊರಗೆ ಕಾಣುತ್ತದೆ. ಮಲ್ಟಿಟೂಲ್‌ನಲ್ಲಿ ಇದನ್ನು ಕಣ್ಣಳತೆಯಲ್ಲೇ ಮಾಡಬೇಕು. ನಾನು ಸಿಪ್ಪೆಯ ಮೇಲೆ ಉಗುರಿನಿಂದ ಗುರುತು ಹಾಕಿಕೊಳ್ಳುತ್ತೇನೆ.

ಆಟೋಮ್ಯಾಟಿಕ್‌ನಿಂದ ನಾನು ನಿರೀಕ್ಷೆ ಮಾಡದ ಒಂದು ಅನುಕೂಲ ಸಿಕ್ಕಿತು. ಗೋಡೆಯ ಪೆಟ್ಟಿಗೆಯಲ್ಲಿ ವೈರು ನಾಲ್ಕು ಬೆರಳಷ್ಟೇ ಉಳಿದಿರುವಾಗ ಸಾದಾ ಸ್ಟ್ರಿಪ್ಪರ್‌ನಿಂದ ಎಳೆದರೆ, ವೈರನ್ನು ಹಿಡಿಯಲು ಇನ್ನೊಂದು ಕೈಗೆ ಜಾಗವೇ ಇರುವುದಿಲ್ಲ. ಆಟೋಮ್ಯಾಟಿಕ್ ತನ್ನನ್ನೇ ಆಧಾರ ಮಾಡಿಕೊಂಡು ಎಳೆಯುವುದರಿಂದ ವೈರಿಗೆ ಎಳೆತ ಬೀಳುವುದಿಲ್ಲ. ಅದರ ದಪ್ಪ ತಲೆ ಪೆಟ್ಟಿಗೆಯೊಳಗೆ ಹೋಗಬೇಕು ಅಷ್ಟೆ. ಅದಕ್ಕೂ ಸೋಲುವ ಕಡೆಗಳಿವೆ. ಸಿಲಿಕೋನ್ ಸಿಪ್ಪೆ ರಬ್ಬರಿನಂತೆ ಹಿಗ್ಗುತ್ತದೆ, ಕತ್ತರಿಸುವ ಬದಲು ಹರಿದು ಅಂಚು ಚಿಂದಿಯಾಗುತ್ತದೆ. ಟೆಫ್ಲಾನ್ ಸಿಪ್ಪೆ ಜಾರುತ್ತದೆ, ಹಿಡಿತ ನಿಲ್ಲುವುದಿಲ್ಲ. ಒತ್ತಡದ ಸ್ಕ್ರೂ ಇರುವ ಮಾದರಿಗಳಲ್ಲಿ ಅದನ್ನು ಜಾಸ್ತಿ ತಿರುಗಿಸಿದರೆ ಇದೂ ಎಳೆ ಕತ್ತರಿಸುತ್ತದೆ. ವೈರಿನ ಬಗೆ ಬದಲಾದಾಗೆಲ್ಲ ಬೇಡದ ತುಂಡಿನ ಮೇಲೆ ಮೂರು ನಾಲ್ಕು ಸಲ ಸುಲಿದು ನೋಡುತ್ತೇನೆ.

ಮಲ್ಟಿಟೂಲ್ ನಿಜವಾಗಿ ಗೆಲ್ಲುವುದು ಒಂದು ಕಡೆ. ಹಲವು ವೈರುಗಳ ಕೇಬಲ್‌ನ ಮೇಲಿನ ಕವಚ ತೆಗೆಯುವಾಗ. ಅದಕ್ಕೆ ಬೇಕಾದ್ದು ಕಚ್ಚಲ್ಲ, ಅದರ ಚಾಕು. ಕೇಬಲನ್ನು ಬೆರಳುಗಳ ನಡುವೆ ಬಾಗಿಸಿ. ಬಾಗಿನ ಹೊರಮೈಯಲ್ಲಿ ಕವಚ ಬಿಗಿಯಾಗಿ ನಿಂತಿರುತ್ತದೆ. ಅಲ್ಲಿ ಚಾಕುವಿನ ಅಲಗನ್ನು ಸುಮ್ನೆ ಮುಟ್ಟಿಸಿದರೆ ಸಾಕು, ಒತ್ತಬೇಕಾಗಿಲ್ಲ. ಕವಚ ಬಾಯಿ ತೆರೆದ ಹಾಗೆ ಬಿರಿಯುತ್ತದೆ, ಒಳಗಿನ ವೈರುಗಳ ಬಣ್ಣ ಕಾಣುತ್ತದೆ. ಕೇಬಲನ್ನು ತಿರುಗಿಸುತ್ತಾ ಸುತ್ತಲೂ ಹೀಗೇ ಮಾಡಿ ಎಳೆದರೆ ಕವಚ ಕೊಳವೆಯಂತೆ ಜಾರಿ ಬರುತ್ತದೆ. ಅಲಗು ಒಳಗಿನ ಸಿಪ್ಪೆಗೆ ತಾಗಿಯೇ ಇರುವುದಿಲ್ಲ. ಚಾಕು ಹರಿತವಾಗಿರಬೇಕು. ಮೊಂಡಾದರೆ ಒತ್ತಬೇಕಾಗುತ್ತದೆ, ಒತ್ತಿದರೆ ಒಳಕ್ಕೆ ಇಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಹತ್ತಿರ ರಿಯಾಯಿತಿ ಇಲ್ಲ. ಮಲ್ಟಿಟೂಲ್ ಅಂದರೆ ತಲೆಯಿಂದ ಹಿಡಿಯವರೆಗೆ ಲೋಹ. ಹಿಡಿಯ ಮೇಲೆ ಪ್ಲಾಸ್ಟಿಕ್ ಅಥವಾ ರಬ್ಬರ್ ತುಂಡು ಇದ್ದರೂ ಅದು ಕೈಗೆ ಮೆತ್ತಗಿರಲಿ ಅಂತ, ಕರೆಂಟು ತಡೆಯಲು ಅಲ್ಲ. ಕರೆಂಟಿನ ಕೆಲಸಕ್ಕೆ ಪರೀಕ್ಷೆಯಾದ ಟೂಲ್‌ಗಳ ಮೇಲೆ ಜೋಡಿ ತ್ರಿಕೋನದ ಗುರುತು, 1000 ವೋಲ್ಟ್ ಅನ್ನುವ ಬರಹ ಇರುತ್ತದೆ. ಐಇಸಿ 60900 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಅದಕ್ಕಾಗಿಯೇ ಇದೆ. ಮಲ್ಟಿಟೂಲ್ ಕೈಗೆ ತೆಗೆದುಕೊಳ್ಳುವ ಮೊದಲು ಲೈನ್ ಆಫ್ ಮಾಡಿರಬೇಕು, ಮೀಟರ್ ಹಿಡಿದು ಅದರಲ್ಲಿ ಕರೆಂಟಿಲ್ಲ ಅಂತ ನೋಡಿರಬೇಕು. ಕರೆಂಟಿರುವ ಇನ್ನೊಂದು ಲೈನ್ ಮೇಲೆ ಮೀಟರನ್ನೂ ಒಮ್ಮೆ ಪರೀಕ್ಷಿಸಿರಬೇಕು. ಒಂದೇ ವೈರು ಆದರೂ ಅಷ್ಟೇ.

ಈಗ ಸೊಂಟದ ಚೀಲದಲ್ಲಿ ಮಲ್ಟಿಟೂಲ್ ಪಕ್ಕದಲ್ಲೇ ಅಳತೆಯ ತೂತುಗಳಿರುವ ಒಂದು ಪುಟ್ಟ ಸ್ಟ್ರಿಪ್ಪರ್ ಇರುತ್ತದೆ. ಭಾರ ಏನೂ ಹೆಚ್ಚಿಲ್ಲ. ಕೆಳಗಿಳಿದು ತರಲು ಸೋಮಾರಿತನ ಬರುವ ಪ್ರಶ್ನೆಯೇ ಇಲ್ಲ. ಆಟೋಮ್ಯಾಟಿಕ್ ಸ್ಟ್ರಿಪ್ಪರ್ ಟೂಲ್ ಪೆಟ್ಟಿಗೆಯಲ್ಲಿರುತ್ತದೆ, ಹತ್ತು ತುದಿಗಿಂತ ಜಾಸ್ತಿ ಇದ್ದರೆ ಅದನ್ನು ತೆಗೆಯುತ್ತೇನೆ. ಎರಡೂ ಇಲ್ಲದೆ ಮಲ್ಟಿಟೂಲ್‌ನಲ್ಲೇ ಸುಲಿಯಬೇಕಾಗಿ ಬಂದರೆ, ತಾಮ್ರವನ್ನು ಬೆಳಕಿಗೆ ಹಿಡಿದು ನೋಡಿದ ಮೇಲೂ ಆ ವೈರಿಗೆ ಹಳದಿ ಟೇಪಿನ ಒಂದು ಸುತ್ತು ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಆ ಕಡೆ ಮತ್ತೆ ಹೋದಾಗ ಬಿಚ್ಚಿ ನೋಡಲು. ಹೋದ ವಾರ ಅಂಥ ಎರಡು ಟೇಪು ಬಿಚ್ಚಿದೆ. ಒಂದರಲ್ಲಿ ತಾಮ್ರ ಚೆನ್ನಾಗಿತ್ತು. ಇನ್ನೊಂದರಲ್ಲಿ ಉಗುರಿಗೆ ತಾಗುವಷ್ಟು ಸಣ್ಣ ಗೀರಿತ್ತು. ಕತ್ತರಿಸಿ ಮತ್ತೆ ಸುಲಿದೆ.