ಅಡಿತೊಲೆ ಮುರಿದ ಮೇಲೆ: ನೊಬಿಲೆಯ ವಾಯುನೌಕೆಯ ಮಾದರಿ ಕಟ್ಟಿದ ನನ್ನ ಅನುಭವ

ಇಟಲಿಯ ಎಂಜಿನಿಯರ್ ಉಂಬರ್ಟೊ ನೊಬಿಲೆ ವಿನ್ಯಾಸಗೊಳಿಸಿದ ಎನ್-1 ವಾಯುನೌಕೆಯ ಹಾರುವ ಮಾದರಿಯನ್ನು 1:50 ಪ್ರಮಾಣದಲ್ಲಿ ಕಟ್ಟಲು ನನಗೆ ಐದು ತಿಂಗಳು ಹಿಡಿಯಿತು. 1924ರಲ್ಲಿ ಮೊದಲ ಬಾರಿ ಹಾರಿದ ಈ ನೌಕೆಯೇ ‘ನೋರ್ಗೆ’ ಎಂಬ ಹೆಸರು ಪಡೆದು 1926ರ ಮೇ 12ರಂದು ಉತ್ತರ ಧ್ರುವವನ್ನು ದಾಟಿತು. ಮೂಲ ನೌಕೆಯ ಉದ್ದ 106 ಮೀಟರ್, ಅನಿಲದ ಗಾತ್ರ ಸುಮಾರು 19,000 ಘನಮೀಟರ್. ನನ್ನ ಮಾದರಿಗೆ ಅದು 2.12 ಮೀಟರ್ ಮತ್ತು 152 ಲೀಟರ್‌ಗೆ ಇಳಿಯಿತು. ಅಷ್ಟು ಹೀಲಿಯಂ ಎತ್ತಬಲ್ಲದ್ದು 150 ಗ್ರಾಂ ಆಸುಪಾಸು ಮಾತ್ರವಾದ್ದರಿಂದ, ಪ್ರತಿಯೊಂದು ಬಿದಿರುಕಡ್ಡಿಯನ್ನೂ ಚಿನ್ನ ತೂಗುವಂಥ ತಕ್ಕಡಿಯಲ್ಲಿಟ್ಟು ಆರಿಸಿದೆ.

ಜರ್ಮನಿಯ ಝೆಪೆಲಿನ್ ವಾಯುನೌಕೆಗಳಲ್ಲಿ ಆಕಾರ ನಿಲ್ಲುತ್ತಿದ್ದುದು ಪೂರ್ಣ ಲೋಹದ ಚೌಕಟ್ಟಿನಿಂದ. ಇಟಲಿಯವರು ಹಿಡಿದ ಅರೆಗಟ್ಟಿ ಪದ್ಧತಿಯಲ್ಲಿ ಅನಿಲ ತುಂಬಿದ ಚೀಲದ ಆಕಾರವನ್ನು ಒಳಗಿನ ಒತ್ತಡ ಕಾಯುತ್ತದೆ, ಎಂಜಿನ್ ಮತ್ತು ಸಾಮಾನಿನ ಭಾರವನ್ನು ಚೀಲದ ಕೆಳಗೆ ಮೂತಿಯಿಂದ ಬಾಲದವರೆಗೆ ಸಾಗುವ ಅಡಿತೊಲೆ ಹೊರುತ್ತದೆ. ನಾನು ಇದನ್ನು ಓದಿದ್ದೆ, ಆದರೆ ಇವೆರಡೂ ಒಂದನ್ನೊಂದು ಎಷ್ಟು ನೆಚ್ಚಿಕೊಂಡಿವೆ ಎಂಬುದು ನನ್ನ ಮೊದಲ ತೊಲೆ ಮುರಿಯುವವರೆಗೆ ಅರ್ಥವಾಗಿರಲಿಲ್ಲ.

ಆ ತೊಲೆಯನ್ನು ತ್ರಿಕೋನ ಅಡ್ಡಕೊಯ್ತದಲ್ಲಿ ಕಟ್ಟಿ, ಎಲ್ಲ ಗಂಟುಗಳನ್ನೂ ಗಟ್ಟಿ ಅಂಟಿನಿಂದ ಬಿಗಿದಿದ್ದೆ. ಎರಡನೆಯ ದಿನ ಹೀಲಿಯಂ ಸೋರಿ ಒತ್ತಡ ತಗ್ಗಿತು. ಚೀಲ ದಪ್ಪವಿರುವ ನಡುಭಾಗದಲ್ಲಿ ಮೇಲೆತ್ತುವ ಬಲ ಹೆಚ್ಚು, ಮೂತಿ ಮತ್ತು ಬಾಲದ ಕಡೆ ಭಾರ ಹೆಚ್ಚು. ಹೀಗಾಗಿ ಸಡಿಲವಾದ ಚೀಲ ಆಕಾರ ಕಾಯದೆ ಎರಡೂ ತುದಿಗಳು ಜೋತು, ನಡುವಿನಿಂದ ಹಿಂದಿನ ಮೂರನೆಯ ಗಂಟು ಚಿಟಿಲ್ಲೆಂದು ಸೀಳಿತು.

ಆಗ ಇಟಲಿಯ ಮೊದಲ ತಲೆಮಾರಿನ ವಾಯುನೌಕೆ ವಿನ್ಯಾಸಕಾರರಾದ ಗಯೆಟಾನೊ ಕ್ರೊಕ್ಕೊ ಮತ್ತು ಒಟ್ಟಾವಿಯೊ ರಿಕಾಲ್ಡೋನಿ ಅವರ ಕೆಲಸದ ಕಡೆಗೆ ಹಿಂದಿರುಗಿದೆ. ಬ್ರಾಚಾನೊ ಸರೋವರದ ದಡದ ವಿಗ್ನಾ ದಿ ವಾಲೆಯಲ್ಲಿ ಅವರು ಕಟ್ಟಿದ ನೌಕೆ 1908ರ ಅಕ್ಟೋಬರ್‌ನಲ್ಲಿ ಹಾರಿತ್ತು. ಕೀಲುಗಳಿಂದ ಜೋಡಿಸಿದ ತೊಲೆ ಆ ಪರಂಪರೆಯದು. ನೊಬಿಲೆಯ ರೂಪಕ್ಕೆ ಅವರ ಕೀಲನ್ನು ಕೂಡಿಸಿದ್ದು ನನ್ನ ಸ್ವಂತ ನಿರ್ಧಾರ. ಕಡ್ಡಿಗಳ ತುದಿಗಳನ್ನು ನೈಲಾನ್ ದಾರದಿಂದ ಎಂಟರ ಆಕಾರದಲ್ಲಿ ಸುತ್ತಿ, ದಾರಕ್ಕೆ ಮಾತ್ರ ಒಂದು ಹನಿ ಅಂಟು ಮುಟ್ಟಿಸಿದೆ. ಇದರಿಂದ ಗಂಟು ಮೇಲೆ ಕೆಳಗೆ ತುಸು ಬಾಗುತ್ತದೆ, ಪಕ್ಕಕ್ಕೆ ಬಾಗುವುದಿಲ್ಲ. ಮೂತಿಗೆ ಬಿದಿರಿನ ಪಕ್ಕೆಲುಬುಗಳ ಟೋಪಿ ಹಾಕಿ ತೊಲೆಗೆ ಬಿಗಿದೆ, ಏಕೆಂದರೆ ಎದುರು ಗಾಳಿಯ ಒತ್ತು ಮೊದಲು ತಗಲುವುದು ಅಲ್ಲಿಗೇ.

ಒತ್ತಡ ಅಳೆಯಲು ನೀರು ತುಂಬಿದ ಯು ಆಕಾರದ ಸಣ್ಣ ಕೊಳವೆ ಸಾಕು. 10 ಮಿಲಿಮೀಟರ್ ನೀರಿನ ಎತ್ತರದಲ್ಲಿ ಮಾದರಿ ನೆಟ್ಟಗಿರುತ್ತದೆ, 4ಕ್ಕೆ ಇಳಿದರೆ ಬಾಲ ಒಂದು ಬೆರಳಷ್ಟು ಜೋಲುತ್ತದೆ, ಹೀಲಿಯಂ ತುಂಬಿದೊಡನೆ ಮತ್ತೆ ಏಳುತ್ತದೆ. ಹೊಸ ತೊಲೆಯ ಒಂದು ಗಂಟೂ ಈವರೆಗೆ ಬಿಟ್ಟುಕೊಂಡಿಲ್ಲ.